ಎಂಟು ಕಿಲೋದ ಮೇಲೊಂದು ಹಿಡಿ

“ನಿನ್ನ ಕಾಲೇಜಿಗಿಷ್ಟು ಬೆಂಕಿ ಹಾಕ! ಇದಕ್ಕ ಕಪ್ಪು ಅಂತಾರೇನ ಪೋರಿ? ಎಮ್ಮಿ ಹಾಕಿದ ಶಗಣಿಗೆ ಇದಕ್ಕಿಂತ ಚಂದ ಆಕಾರ ಇರ್ತೈತಿ!”

“ಕಾಕಾ, ಬೈಯೋದಿದ್ರ ನನಗ ಬೈರಿ, ಕಾಲೇಜಿಗೆ ಬೈಬ್ಯಾಡ್ರಿ. ನಾ ಬರದು ಕೊಟ್ಟ ಲೆಕ್ಕ ಬರೋಬರ ಅದ. ಇಲ್ಲೇ ಯಾರೋ ಗಡಬಡ ಮಾಡ್ಯಾರ.”

“ಯಾರು ಮಾಡ್ಯಾರ? ನಾ ಮಾಡೇನಿ? ಏ ನಿಲ್ಯಾ, ಕೇಳಿದಿಲ್ಲೋ? ನಾಕು ತಲಿಯಿಂದ ತಕ್ಕಡಿ ಹಿಡದ ಮನಿತನಕ್ಕ ಈಕಿ ಗಡಬಡ ಅಂತಾಳ!”

“ದಾಜಿ, ಮದ್ಲ ಆ ಕಬ್ಬಿಣದ ಸಳಿ ಕೆಳಗ ಇಡ್ರಿ. ಯಾರದರೆ ಕಣ್ಣಾಗ ಹೋದೀತು” ಎಂದೆ ನಾನು.

ಭಟ್ಟಿಯ ಬಾಗಿಲು ತೆರೆದು ಐದು ನಿಮಿಷವಾಗಿತ್ತು. ಒಳಗೆ ಪರೀಕ್ಷೆಗೆಂದು ಅರವತ್ತು ಚಹಾದ ಕಪ್ಪುಗಳನ್ನು ಸಾಲಾಗಿ ನಿಲ್ಲಿಸಿದ್ದೆವು. ಈಗ ನೋಡಿದರೆ ಒಂದೂ ನಿಂತಿರಲಿಲ್ಲ. ಕೆಲವು ಪಕ್ಕದವುಗಳ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದವು. ಕೆಲವು ಕೂತಲ್ಲೇ ಕುಸಿದು ಹಪ್ಪಳವಾಗಿದ್ದವು. ಎಲ್ಲವೂ ಸೇರಿ ಹಲಗೆಗೆ ಅಂಟಿಕೊಂಡಿದ್ದವು. ಹಿಡಿಕೆಗಳು ಮಾತ್ರ ಅಲ್ಲೊಂದು ಇಲ್ಲೊಂದು ಮೇಲೆದ್ದು, ಕೆಸರಿನಲ್ಲಿ ಮುಳುಗುವವರು ಕೈ ಎತ್ತಿ ಕರೆದ ಹಾಗೆ ಕಾಣುತ್ತಿದ್ದವು.

ಗುರುಪಾದ ನನ್ನ ಅಕ್ಕ ಸುನಂದಾಬಾಯಿಯ ಗಂಡ. ಅಕ್ಕನ ಗಂಡನಿಗೆ ಸಾಂಗಲಿ ಕಡೆ ದಾಜಿ ಎನ್ನುತ್ತೇವೆ. ಮಿರಜದ ಪೇಟೆಯಲ್ಲಿ ಅವರದು ಉಪ್ಪು, ಬೆಲ್ಲ, ಅರಿಶಿನದ ಅಂಗಡಿ. ಒಳ್ಳೆಯ ಅಂಗಡಿ. ಒಳ್ಳೆಯ ಅಂಗಡಿ ಇದ್ದವನು ಸುಮ್ಮನೆ ಅದರಲ್ಲಿ ಕೂತಿರಬೇಕು. ಆದರೆ ಹೋದ ವರ್ಷ ಆರಗದ ಒಂದು ಮದುವೆಯಲ್ಲಿ ದಾಜಿಯ ದೊಡ್ಡಪ್ಪನ ಮಗ ಭೂಷಣ, ಬೀಗರಿಗೆ ನಮ್ಮವರನ್ನೆಲ್ಲ ಸಾಲಾಗಿ ಪರಿಚಯ ಮಾಡಿಕೊಟ್ಟರು. “ಇವರು ಕಾರಖಾನದಾರರು. ಇವರೂ ಕಾರಖಾನದಾರರು. ಇಂವ ನಮ್ಮ ಉಪ್ಪಿನ ಗುರುಪಾದ.” ಬೀಗರು ನಕ್ಕರು. ದಾಜಿ ಅವತ್ತು ಹೋಳಿಗೆ ಮುಟ್ಟಲಿಲ್ಲ. ಹೋಳಿಗೆ ಬಿಟ್ಟ ಗಂಡಸು ಏನು ಮಾಡಲಿಕ್ಕೂ ಹೇಸುವುದಿಲ್ಲ ಎಂದು ನಮ್ಮ ಅಕ್ಕ ಆಗಲೇ ಹೇಳಿದ್ದಳು.

ತಿಂಗಳೊಳಗೆ ಮಾಧವನಗರದಲ್ಲಿ ಮುಚ್ಚಿದ್ದ ಒಂದು ಮಗ್ಗದ ಶೆಡ್ಡು ಬಾಡಿಗೆಗೆ ಬಂತು. ಯಾರೋ ಬಿಟ್ಟು ಹೋದ ಹಳೆಯ ಗ್ಯಾಸಿನ ಭಟ್ಟಿ ಬಂತು. ಎರಡಕ್ಕೂ ಮೊದಲು ‘ಗುರುಪಾದ ವಿಟ್ರಿಫೈಡ್ ಸಿರಾಮಿಕ್ಸ್’ ಎಂಬ ಬೋರ್ಡು ಬಂದಿತ್ತು. ಇಪ್ಪತ್ತು ವರ್ಷ ಹೆಂಚಿನ ಕಾರಖಾನೆಯಲ್ಲಿ ಭಟ್ಟಿ ನೋಡಿಕೊಂಡಿದ್ದ ನನ್ನನ್ನು ಕರೆಸಿದರು. ಹಯಗ್ರೀವ ಮಾಸ್ತರರ ಮಗಳು ಕೇತಕಿ, ಮಣ್ಣು ಸುಡುವ ವಿದ್ಯೆಯನ್ನೇ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ ಬಂದಿದ್ದಳು. ಅವಳನ್ನೂ ಕರೆಸಿದರು. ಅವಳಿಗೆ ಇದು ಮೊದಲನೆಯ ಕೆಲಸ.

ಕೇತಕಿ ಭಟ್ಟಿ ನೋಡಿ ಮೊದಲ ದಿನವೇ ಹೇಳಿದ್ದಳು. ಚೀನಿ ಮಣ್ಣು ಕಲ್ಲಿನಂತೆ ಬಿಗಿಯಾಗಿ, ನೀರು ಹೀರದಂತೆ ಬೇಯಬೇಕಾದರೆ ಸಾವಿರದ ಮುನ್ನೂರು ಡಿಗ್ರಿ ಬೇಕು. ಈ ಮುದಿ ಭಟ್ಟಿ ಸಾವಿರದ ನೂರೈವತ್ತು ದಾಟಿದರೆ ಅದರ ಇಟ್ಟಿಗೆಯೇ ಉದುರುತ್ತದೆ. ಇದಕ್ಕೊಂದೇ ಉಪಾಯ. ಮಣ್ಣಿಗೆ ಕೆಲವು ಕಲ್ಲುಗಳ ಪುಡಿ ಬೆರೆಸಬೇಕು. ಫೆಲ್ಡ್‌ಸ್ಪಾರು, ಬಳಪದ ಕಲ್ಲು, ಲಿಥಿಯಂ ಇರುವ ಇನ್ನೊಂದು ಕಲ್ಲು. ಇವು ಕಡಿಮೆ ಶಾಖದಲ್ಲೇ ಕರಗಿ ಮಣ್ಣಿನ ಸಂದಿಗಳಲ್ಲಿ ಇಳಿದು ಗಾಜಾಗಿ ಬಿಗಿಯುತ್ತವೆ. ಆ ಪುಡಿಗೆ ಫ್ಲಕ್ಸ್ ಎಂದು ಹೆಸರು.

“ಕಾಕಾ, ಚುರಮುರಿ ಉಂಡಿ ನೋಡೀರಲಾ? ಮಣ್ಣು ಅಂದ್ರ ಚುರಮುರಿ, ಈ ಪುಡಿ ಅಂದ್ರ ಬೆಲ್ಲದ ಪಾಕ. ಪಾಕ ಕಡಿಮಿ ಆದ್ರ ಉಂಡಿ ಉದರ್ತದ. ಹೆಚ್ಚಾದ್ರ ಪರಾತಕ್ಕ ಅಂಟಿ ಕೂಡ್ತದ. ನೂರು ಕಿಲೋ ಮಣ್ಣಿಗೆ ಎಂಟು ಕಿಲೋ. ಏಳೂವರಿ ಅಲ್ಲ, ಎಂಟೂವರಿ ಅಲ್ಲ.”

ಬೆಲ್ಲದ ವ್ಯಾಪಾರಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಸಾಧ್ಯವಿಲ್ಲ. ಆದರೆ ವ್ಯಾಪಾರಿಗೆ ತಿಳಿದಿರುವುದು ಬೆಲ್ಲ ಮಾರುವುದು. ಉಂಡಿ ಕಟ್ಟುವುದು ತಿಳಿದಿರುವುದು ಹೆಂಡತಿಗೆ.

ಇಷ್ಟಕ್ಕೇ ನಿಂತಿದ್ದರೆ ದಾಜಿ ವರ್ಷಗಟ್ಟಲೆ ಹಪ್ಪಳ ಸುಟ್ಟುಕೊಂಡು ಸುಖವಾಗಿ ಇರುತ್ತಿದ್ದರು. ಆದರೆ ಅಷ್ಟರಲ್ಲಿ ಮಿರಜದಲ್ಲಿ ನಮ್ಮ ಸಮಾಜದ ಹೊಸ ಭವನ ಕಟ್ಟಿ ಮುಗಿಯಿತು. ಅಧ್ಯಕ್ಷರು ಇದೇ ಭೂಷಣ. ಸಭೆಯಲ್ಲಿ ಚಹಾದ ಮಾತು ಬಂತು. ಸಮಾಜದ ಹಳೆಯ ಸ್ಟೀಲಿನ ಬಶಿಗಳು, ಅಂದರೆ ಕಪ್ಪಿನ ಕೆಳಗಿಡುವ ತಟ್ಟೆಗಳು, ಮುನ್ನೂರು ಇವೆ, ಕಪ್ಪುಗಳೆಲ್ಲ ಒಡೆದಿವೆ, ಹೊಸವು ತರಿಸಬೇಕು ಎಂದಾಗ ದಾಜಿ ಎದ್ದು ನಿಂತರು.

“ತರಸೋದ್ಯಾಕ? ಮುನ್ನೂರು ಕಪ್ಪು ನನ್ನ ಕಾರಖಾನಿಯಿಂದ. ದೇಣಗಿ!”

ಭೂಷಣ ಕನ್ನಡಕದ ಮೇಲಿನಿಂದ ನೋಡಿದರು. “ಬರೋಬರಿ. ಉದ್ಘಾಟನಾ ದಿನಾ ನಿನ್ನ ಕಪ್ಪಿನಾಗ ಚಹಾ ಕೊಡ್ತೀ ಅಂದ್ರ ನಿನಗ ವೇದಿಕಿ ಮ್ಯಾಲ ಖುರ್ಚಿ, ಆಮಂತ್ರಣ ಪತ್ರಿಕಾದಾಗ ಹೆಸರು ‘ಕಾರಖಾನದಾರ ಗುರುಪಾದ’. ಆಗಲಿಲ್ಲಂದ್ರ ಸಾಯೂ ತನಾ ಉಪ್ಪಿನ ಗುರುಪಾದ. ಒಪ್ಪಿದೇನು?”

ಇಡೀ ಸಭೆ ದಾಜಿಯ ಮುಖ ನೋಡಿತು. ದಾಜಿ ಒಪ್ಪಿದರು. ಆಮಂತ್ರಣ ಪತ್ರಿಕೆಯೂ ಅಚ್ಚಾಯಿತು. ಮೊದಲ ಭಟ್ಟಿ ತೆರೆದು ಹಪ್ಪಳ ಹೊರಬಿದ್ದ ದಿನಕ್ಕೂ ಉದ್ಘಾಟನೆಗೂ ನಡುವೆ ಉಳಿದಿದ್ದು ಹನ್ನೆರಡು ದಿನ.

ಎರಡನೆಯ ಸಲ ಭಟ್ಟಿಗೆ ಉರಿ ಹಚ್ಚಿದ ದಿನ ದಾಜಿಯ ತಾಯಿ ತಂಗೆವ್ವ ಮಾಧವನಗರಕ್ಕೆ ಬಂದಳು. ಎಂಬತ್ತರ ಮುದುಕಿ. ಭಟ್ಟಿಯ ಸುತ್ತ ಒಂದು ಸುತ್ತು ಹಾಕಿ ತೀರ್ಪು ಕೊಟ್ಟಳು.

“ಇದಕ್ಕ ದೃಷ್ಟಿ ಆಗೇತಿ. ಭೂಷ್ಯಾನ ಕಣ್ಣು ಹುಟ್ಟಿದಾಗಿಂದ ಕೆಟ್ಟ. ಅಂವ ನೋಡಿದ ಆಕಳು ಹಾಲು ಬಿಡತಿದ್ದಿಲ್ಲ.”

“ಆಯಿ, ಭೂಷಣ ಇಲ್ಲಿಗೆ ಬಂದ ಇಲ್ಲಲ್ಲ?” ಎಂದೆ ನಾನು.

“ಬರೂದ್ಯಾಕ? ಅಂವ ಮಿರಜದಾಗ ಕುಂತ ನೋಡ್ತಾನ.”

ಒಂದು ಸೇರು ಒಣಮೆಣಸಿನಕಾಯಿ, ಉಪ್ಪು, ನಿಂಬೆಹಣ್ಣು ನಿವಾಳಿಸಿ ಭಟ್ಟಿಯ ಬಾಯಿಗೇ ಹಾಕಿದಳು. ಕಡು ಖಾರದ ಮೆಣಸಿನಕಾಯಿ. ಉರಿಯುವ ಭಟ್ಟಿಗೆ ಬಿದ್ದ ಮೆಣಸಿನಕಾಯಿ ಏನು ಮಾಡುತ್ತದೆಂದು ಬರೆದು ತಿಳಿಸುವುದು ಕಷ್ಟ. ಪಕ್ಕದ ಶೆಡ್ಡಿನಲ್ಲಿ ನಡೆಯುತ್ತಿದ್ದ ನಲವತ್ತು ಮಗ್ಗ ಒಮ್ಮೆಲೇ ನಿಂತವು. ಮಗ್ಗದ ಮಾಲಕರು ಕಣ್ಣೊರೆಸಿಕೊಳ್ಳುತ್ತ ಓಡಿ ಬಂದು, ಮರಾಠಿಯಲ್ಲಿ ಬೈಯಬೇಕೆಂದು ಬಾಯಿ ತೆರೆದು, ಹತ್ತು ನಿಮಿಷ ಕೆಮ್ಮಿ ಹೋದರು.

ಎರಡನೆಯ ಭಟ್ಟಿಯೂ ಹಪ್ಪಳ. ಈ ಸಲ ಖಾರದ ವಾಸನೆಯ ಹಪ್ಪಳ. ಮರುದಿನ ಕೆಮ್ಮು ನಿಂತ ಮೇಲೆ ಮಗ್ಗದ ಮಾಲಕರು ಮತ್ತೆ ಬಂದು ಒಂದು ತುಂಡನ್ನು ತಿರುಗಿಸಿ ನೋಡಿದರು.

“ಗುರುಪಾದಶೇಟ, ಹೇ ಕಾಯ ಆಹೆ? ಇದೇನ್ರಿ?”

“ಊದಬತ್ತಿ ಸ್ಟ್ಯಾಂಡು” ಎಂದರು ದಾಜಿ, ರೆಪ್ಪೆ ಬಡಿಯದೆ.

“ಛಾನ! ಎರಡು ಕೊಡ್ರಿ.”

ಈ ದೇಶದಲ್ಲಿ ಏನು ಮಾಡಿದರೂ ಒಬ್ಬ ಗಿರಾಕಿ ಸಿಗುತ್ತಾನೆ. ಅದೇ ನಮ್ಮ ದುರ್ದೈವ.

ಕೇತಕಿ ಮಾತ್ರ ನಗಲಿಲ್ಲ. ಅವಳು ತನಿಖೆ ಮಾಡುವ ಪೊಲೀಸರಂತೆ ಒಬ್ಬೊಬ್ಬರನ್ನೇ ಹಿಡಿದಳು. ಮೊದಲು ನನ್ನನ್ನು.

“ಮಾಮಾ, ನಿಮ್ಮ ಮೀಟರ ತಪ್ಪು ತೋರಸ್ತದೇನು? ಶಾಖಾ ಹೆಚ್ಚಾಗಿರಬೇಕು.”

“ನೀ ಹುಟ್ಟೂಕಿಂತ ಮದ್ಲಿಂದ ಭಟ್ಟಿ ಹಾಕಾಕತ್ತೀನಿ! ನನಗ ಮೀಟರ ಬೇಕಾಗಿಲ್ಲ, ಉರಿ ಬಣ್ಣಾ ನೋಡಿ ಹೇಳ್ತೀನಿ!”

“ಹಂಗಿದ್ರ ನಿಮ್ಮ ಕಣ್ಣೂ ತಪಾಸ ಮಾಡಬೇಕು.”

ನಾನು ಸಲಿಕೆ ಎಸೆದು ಹೊರಗೆ ಹೋದೆ. ಚಹಾ ಕುಡಿದು ಒಳಗೆ ಬಂದೆ. ಅಷ್ಟರಲ್ಲಿ ಅವಳು ಬೇರೆ ಮೀಟರು ತಂದು ಹೋಲಿಸಿ ನೋಡಿದ್ದಳು. ನನ್ನದು ಸರಿಯಿತ್ತು. “ಸಾರಿ ಮಾಮಾ” ಎಂದಳು. ಸಾರಿ ಎಂಬುದು ಎರಡಕ್ಷರದ ಮಾತು. ನನಗೆ ಅದು ಸಾಲಲಿಲ್ಲ.

ಆಮೇಲೆ ಪುಡಿಯ ಚೀಲ ಬಿಚ್ಚಿ ಪರೀಕ್ಷೆ ಮಾಡಿದಳು. ಅದೂ ಸರಿ. ಕೊನೆಗೆ ಉಳಿದದ್ದು ತೂಕ. ತೂಕ ದಾಜಿಯದು. “ತಕ್ಕಡಿಗೆ ಇನ್ನೊಬ್ಬರ ಕೈ ಹಚ್ಚಗೊಡೂದಿಲ್ಲ” ಎಂದು ಅವರು ಮೊದಲೇ ಕರಾರು ಮಾಡಿದ್ದರು. ಅವಳು ಕೊಟ್ಟ ಡಿಜಿಟಲ್ ಕಾಟಾವನ್ನು ಮೂಲೆಗಿಟ್ಟು, ಅಂಗಡಿಯ ಹಿತ್ತಾಳೆ ತಕ್ಕಡಿ ತಂದು ಜಂತಿಗೆ ತೂಗು ಹಾಕಿದ್ದರು.

ಮೂರನೆಯ ಸಲ ತೂಗುವಾಗ ಕೇತಕಿ ಸದ್ದಿಲ್ಲದೆ ಅವರ ಬೆನ್ನ ಹಿಂದೆ ನಿಂತಳು.

“ಲಾಭ” ಎಂದರು ದಾಜಿ. ಪೇಟೆಯಲ್ಲಿ ಮೊದಲನೆಯ ತೂಕಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಒಂದು ಕಿಲೋ ಪುಡಿ ಮಣ್ಣಿನ ಮೇಲೆ ಬಿತ್ತು. ಅದರ ಹಿಂದೆಯೇ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಪುಡಿ ತೆಗೆದು ಅದರ ಮೇಲೆ ಬಿಟ್ಟರು. “ಎರಡು.” ಒಂದು ಕಿಲೋ, ಒಂದು ಹಿಡಿ. “ಮೂರು.” ಒಂದು ಕಿಲೋ, ಒಂದು ಹಿಡಿ. ದಾಜಿಯ ಕೈ ಎಂದರೆ ಕೈಯಲ್ಲ, ಮೊರ.

“ಕಾಕಾ! ಥಾಂಬಾ! ನಿಲ್ಲರಿ! ಅದೇನು ಹಾಕಿದ್ರಿ?”

ದಾಜಿ ಬೆಚ್ಚಿ ತಿರುಗಿದರು. “ಯಾವುದು?”

“ಆ ಹಿಡಿ!”

“ಅದಾ? ಅದು ಕೊಸರು.”

“ಕೊಸರು ಅಂದ್ರ?”

ದಾಜಿ ನನ್ನ ಕಡೆ ನೋಡಿದರು. ಕೊಸರು ಎಂದರೇನು ಎಂದು ಕೇಳುವವರೂ ಭೂಮಿಯ ಮೇಲೆ ಇದ್ದಾರೆಯೇ ಎಂಬ ನೋಟ. “ತೂಗಿದ ಮ್ಯಾಲ ಒಂದು ಹಿಡಿ ಹೆಚ್ಚು ಹಾಕೂದು. ಬರೇ ಮುಳ್ಳು ನೋಡಿ ಕೊಡಾವ ವ್ಯಾಪಾರಿ ಅಲ್ಲ, ಭಿಕಾರಿ. ನಮ್ಮ ಮುತ್ಯಾ ಕೊಸರು ಹಾಕತಿದ್ದ, ನಮ್ಮಪ್ಪ ಹಾಕತಿದ್ದ. ಗುರುಪಾದನ ಮನ್ಯಾಗ ತೂಕ ಕಡಿಮಿ ಅಂತ ಇವತ್ತಿನ ತನಾ ಯಾವ ಮಗನೂ ಅಂದಿಲ್ಲ.”

“ಕಾಕಾ, ಇದು ಗಿರಾಕಿ ಅಲ್ಲ. ಮಣ್ಣು!”

“ಮಣ್ಣು ಅಂತ ಮೋಸ ಮಾಡ್ಲೇನು?”

ಕೇತಕಿ ಹಣೆ ಹಿಡಿದುಕೊಂಡು ಚೀಲದ ಮೇಲೆ ಕೂತಳು. ಡಿಜಿಟಲ್ ಕಾಟಾ ತಂದು ತೂಗಿದೆವು. ಎಂಟು ಕಿಲೋ ತೂಗಿದರೆ ಎಂಟು ಹಿಡಿ ಕೊಸರು, ಕೊನೆಗೆ ದೇವರ ಹೆಸರಿನಲ್ಲಿ ಇನ್ನೊಂದು. ಒಟ್ಟು ಒಂಬತ್ತೂವರೆ ಕಿಲೋ.

“ಪಾಕ ಹೆಚ್ಚಾತು. ಅದಕ್ಕ ಕರಗ್ಯಾವು” ಎಂದಳು.

“ಹೆಚ್ಚಾದ್ರ ಚಲೋ ಅಲ್ಲೇನು?” ದಾಜಿ ಸೋಲುವ ಜಾತಿಯಲ್ಲ. “ಎಂಟು ಕಿಲೋ ಹಾಕಿದ್ರ ಶಾಖಾ ನೂರೈವತ್ತು ಡಿಗ್ರಿ ಕಡಿಮಿ ಸಾಕು ಅಂದಿ. ಹದಿನಾರು ಹಾಕಿದ್ರ ಮುನ್ನೂರು ಕಡಿಮಿ. ಹಿಂಗ ಹಾಕ್ಕೋತ ಹೋದ್ರ ಭಟ್ಟೀನ ಬ್ಯಾಡ! ವೈಶಾಖದ ಬಿಸಲಾಗ ಮಾಳಿಗಿ ಮ್ಯಾಲ ಹರವಿದ್ರ ತಾವ ಬೇಯ್ತಾವು!”

“ಕಾಕಾ, ಅವು ಸಂಡಿಗಿ ಅಲ್ಲ!”

“ಸಂಡಿಗಿ ಮಾಡೂದೂ ನಿನಗ ಬರಂಗಿಲ್ಲ ಬಿಡು!”

ಬುತ್ತಿ ತಂದಿದ್ದ ಅಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. “ಏನ್ರಿ, ಮನ್ಯಾಗ ನಾ ಒಂದು ಚಮಚಾ ಸಕ್ಕರಿ ಹೆಚ್ಚು ಹಾಕಿದ್ರ ಚಹಾ ಚೆಲ್ತೀರಿ. ಇಲ್ಲಿ ಮಣ್ಣಿಗೆ ಧರ್ಮಾ ಮಾಡ್ತೀರಿ?” ಎಂದಳು. ಕಾಲೇಜಿನ ವಿದ್ಯೆ ಮಾಡದ ಕೆಲಸವನ್ನು ಈ ಮಾತು ಮಾಡಿತು. ದಾಜಿ ತಕ್ಕಡಿ ಮುಟ್ಟಿ ಆಣೆ ಮಾಡಿದರು. ಇನ್ನು ಕೊಸರಿಲ್ಲ. ಎಂಟು ಎಂದರೆ ಎಂಟು.

ಉದ್ಘಾಟನೆಗೆ ಐದು ದಿನ ಇತ್ತು. ಒಂದೇ ಒಂದು ಭಟ್ಟಿ ಹಾಕುವಷ್ಟು ಸಮಯ. ಮುನ್ನೂರು ಕಪ್ಪಿನ ಪೂರ್ತಿ ಮಣ್ಣು ಹೊಸದಾಗಿ ಕಲಸಬೇಕು. ಕೇತಕಿ ಕಪ್ಪಿನ ಮೇಲೆ ಬಳಿಯುವ ಹೊಳಪಿನ ನೀರು ತಯಾರಿಸಲು ಒಳಗೆ ಹೋದಳು. ಆಣೆ ಮಾಡಿದ ಮನುಷ್ಯನನ್ನು ನಂಬಿದಳು. ಅದು ಅವಳ ತಪ್ಪು. ಅದನ್ನು ಕಾಲೇಜಿನಲ್ಲಿ ಕಲಿಸುವುದಿಲ್ಲ.

ನಾನು ನೋಡುತ್ತಿದ್ದೆ. ದಾಜಿ ಎಂಟು ಕಿಲೋ ಸರಿಯಾಗಿ ತೂಗಿದರು. ಕೊಸರು ಹಾಕಲಿಲ್ಲ. ಆಮೇಲೆ ತೂಗಿ ಹಾಕಿದ್ದರಿಂದಲೇ ಒಂದೊಂದು ಹಿಡಿ ತೆಗೆದು ವಾಪಸ್ಸು ಚೀಲಕ್ಕೆ ತುಂಬತೊಡಗಿದರು.

“ಇದೇನ ದಾಜಿ?”

“ಹಿಂದಿನ ಎರಡು ಸಲಾ ಮೂರು ಕಿಲೋ ಹೆಚ್ಚು ಹೋಗೇತಿ. ಅದನ್ನ ಈ ಸಲಾ ಮುರಕೋಬೇಕಲ್ಲ?”

“ಹುಚ್ಚ ಹಿಡದೈತೇನು? ಆ ಮಣ್ಣು ಬ್ಯಾರೆ, ಈ ಮಣ್ಣು ಬ್ಯಾರೆ!”

“ಮಣ್ಣು ಬ್ಯಾರೆ ಇದ್ರೇನಾತು, ಗಿರಾಕಿ ಒಬ್ಬನ. ಭಟ್ಟಿ! ಹೆಚ್ಚು ಹ್ವಾದ ಮಾಲು ಮುಂದಿನ ತೂಕದಾಗ ಮುರಕೋಳೂದು ಪೇಟಿ ನ್ಯಾಯ. ನೀ ಉರಿ ನೋಡು, ತೂಕಾ ನೋಡಬ್ಯಾಡ.”

ನಾನು ಮತ್ತೆ ಸಲಿಕೆ ಎಸೆದು ಹೊರಗೆ ಹೋದೆ. ಚಹಾ ಕುಡಿದು ಬರುವಷ್ಟರಲ್ಲಿ ಹೆಂಗಸರು ಮಣ್ಣು ಕಲಸಿ ಮುಗಿಸಿದ್ದರು. ಕೇತಕಿಗೆ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಕಣ್ಣು ತಪಾಸಣೆ ಮಾಡಬೇಕೆಂದವಳು ತನ್ನ ಕಣ್ಣಿನಿಂದಲೇ ನೋಡಿಕೊಳ್ಳಲಿ ಎಂದು ಸುಮ್ಮನಾದೆ. ಮೀಟರಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಭಟ್ಟಿ ತೆರೆದೆವು. ಮುನ್ನೂರು ಕಪ್ಪು ಸಿಪಾಯಿಗಳಂತೆ ಸೆಟೆದು ನಿಂತಿದ್ದವು! ಬೆಳ್ಳಗೆ, ದುಂಡಗೆ, ಒಂದೊಂದರ ಹೊಟ್ಟೆಯ ಮೇಲೂ ನೀಲಿ ಅಕ್ಷರದಲ್ಲಿ ದಾಜಿಯ ಹೆಸರು. ಅಕ್ಕ ಅತ್ತಳು. ಮಗ್ಗದ ಮಾಲಕರು ಪೇಢೆ ತರಿಸಿದರು. ಸಣ್ಣ ಉದ್ಯೋಗಗಳ ತಪಾಸಣೆಗೆ ಬರುವ ಸರಕಾರಿ ಸಾಹೇಬರೊಬ್ಬರು ಅದೇ ಹೊತ್ತಿಗೆ ಕಾಗದದ ಕಟ್ಟು ಹಿಡಿದು ಬಂದು, ಕೇಳದೆ ಮೂರು ಪೇಢೆ ತಿಂದರು.

ಕೇತಕಿ ಒಂದು ಕಪ್ಪು ತೆಗೆದು ತಲೆಕೆಳಗು ಮಾಡಿ, ಹೊಳಪಿಲ್ಲದ ಅಡಿಗೆ ನಾಲಿಗೆ ಹಚ್ಚಿದಳು. ಮುಖ ಕಪ್ಪಿಟ್ಟಿತು.

“ಕಾಕಾ, ನಾಲಿಗಿ ಹಿಡೀತದ.”

“ಹಿಡದ್ರ ಏನಾತು?”

“ಪೂರ್ತಿ ಬೆಂದ ಮಾಲು ನಾಲಿಗಿ ಹಿಡಿಯೂದಿಲ್ಲ. ಇದು ಒಳಗ ಕಚ್ಚಾ ಉಳದದ, ನೀರು ಹೀರ್ತದ. ಮ್ಯಾಲಿನ ಹೊಳಪೂ ಕೂದಲೆಳಿಯಂಗ ಬಿರದದ, ನೋಡ್ರಿ. ಚಹಾ ಹಾಕಿದ್ರ ಸೋರ್ತದ!”

“ಒಂದು ಕಪ್ಪು ಹಂಗಿದ್ದೀತು” ಎಂದು ದಾಜಿ ಇನ್ನೊಂದನ್ನು ನೆಕ್ಕಿದರು. ಹಿಡಿಯಿತು. ಮತ್ತೊಂದನ್ನು ನೆಕ್ಕಿದರು. ಹಿಡಿಯಿತು. ಹಿಡಿಯದ ಕಪ್ಪು ಸಿಗುವ ತನಕ ಬಿಡುವುದಿಲ್ಲವೆಂದು ನೆಕ್ಕುತ್ತಲೇ ಹೋದರು. ಮೂವತ್ತನೆಯದಕ್ಕೆ ಅವರ ಬಾಯಲ್ಲಿ ನೀರೇ ಉಳಿಯಲಿಲ್ಲ. “ನಿಲ್ಯಾ, ನೀ ನೋಡು” ಎಂದರು. ನಾನೂ ನೆಕ್ಕಿದೆ. ಮಗ್ಗದ ಮಾಲಕರು ಪೇಢೆಯ ಋಣಕ್ಕೆ ಹತ್ತು ನೆಕ್ಕಿದರು. ಸಾಹೇಬರು “ನಮ್ಮ ಫಾರ್ಮಿನಾಗ ನೀರು ಹೀರೂ ಪ್ರಮಾಣ ಅಂತ ಕಾಲಮ್ ಐತ್ರಿ” ಎಂದು ಹೇಳಿ ಗಂಭೀರವಾಗಿ ಒಂದು ಕಪ್ಪನ್ನು ಬಾಯಿಗೆ ಹಿಡಿದರು. ಪೇಢೆ ತಿಂದು ಒಣಗಿದ್ದ ನಾಲಿಗೆ. ಗಟ್ಟಿಯಾಗಿ ಹಿಡಿದುಬಿಟ್ಟಿತು. “ಆಂ, ಆಂ” ಎಂದು ಕೈ ಆಡಿಸಿದಾಗ ನಾನೇ ಒಂದು ಚೊಂಬು ನೀರು ಸುರಿದು ಬಿಡಿಸಬೇಕಾಯಿತು. ಅವರು ಕಾಲಮ್ಮಿನಲ್ಲಿ ‘ಸಮಾಧಾನಕರ’ ಎಂದು ಬರೆದು ಹೊರಟುಹೋದರು.

ಅಷ್ಟರಲ್ಲಿ ತಂಗೆವ್ವ ಒಳಗೆ ಬಂದು ಮೂವರು ಗಂಡಸರು ಕಪ್ಪು ನೆಕ್ಕುತ್ತ ನಿಂತಿದ್ದನ್ನು ಕಂಡಳು.

“ಅಯ್ಯ ನಿಮ್ಮ ಬಾಯಾಗ ಮಣ್ಣು ಹಾಕ! ಸಮಾಜಕ್ಕ ಕೊಡೂ ಕಪ್ಪು ಎಂಜಲಾ ಮಾಡ್ತೀರಿ? ಯಾವ್ಯಾವು ನೆಕ್ಕೀರಿ, ತೋರಸ್ರಿ!”

ಯಾರಿಗೆ ಗೊತ್ತು? ಎಲ್ಲವೂ ಒಂದೇ ತರಹ. ಮುದುಕಿ ಹಟ ಹಿಡಿದು ಮುನ್ನೂರಕ್ಕೆ ಮುನ್ನೂರನ್ನೂ ವಿಭೂತಿಯ ನೀರಿನಲ್ಲಿ ಅದ್ದಿಸಿ ತೆಗೆಸಿದಳು. ಕಪ್ಪುಗಳು ಗಟಗಟ ನೀರು ಕುಡಿದವು. ಅದ್ದಿದ ಬಕೆಟ್ಟು ಮೂರು ಸಲ ಖಾಲಿಯಾಯಿತು.

“ನೋಡ್ರಿ ಕಾಕಾ, ನೋಡ್ರಿ!” ಕೇತಕಿ ಬಕೆಟ್ಟು ಎತ್ತಿ ತೋರಿಸಿದಳು. “ಈ ಮಾಲು ಒಯ್ಯಬ್ಯಾಡ್ರಿ. ಭೂಷಣಕಾಕಾನ ಮುಂದ ತಪ್ಪಾತಂತ ಹೇಳ್ರಿ. ಹದಿನೈದು ದಿನಾ ಕೊಡ್ರಿ, ನಾ ಪಕ್ಕಾ ಮಾಲು ಮಾಡಿ ಕೊಡ್ತೀನಿ. ಎಷ್ಟು ಪುಡಿ ಹಾಕಿದ್ರಿ ಖರೇ ಹೇಳ್ರಿ.”

“ಎಂಟು ತೂಗೇನಿ. ತಕ್ಕಡಿ ಆಣಿ!” ಎಂದರು ದಾಜಿ. ಸುಳ್ಳಲ್ಲ, ತೂಗಿದ್ದು ಎಂಟೇ. ಪತ್ರಿಕೆಯಲ್ಲಿ ಹೆಸರು ಅಚ್ಚಾದವನು ಹದಿನೈದು ದಿನ ಕೇಳುತ್ತಾನೆಯೇ? ಮಧ್ಯಾಹ್ನ ಮುನ್ನೂರು ಕಪ್ಪುಗಳನ್ನು ಹುಲ್ಲಿನಲ್ಲಿ ಸುತ್ತಿ ಟೆಂಪೋದಲ್ಲಿ ಮಿರಜಕ್ಕೆ ಕಳಿಸಿದರು.

ರವಿವಾರ ಭವನ ತುಂಬಿತ್ತು. ಆರಗ, ಸಲಗರೆ, ಸಾಂಗಲಿ, ಎಲ್ಲ ಕಡೆಯ ಬೀಗರು. ಹಯಗ್ರೀವ ಮಾಸ್ತರರೂ ಕೇತಕಿಯೂ ಬಾಗಿಲ ಬಳಿ ಕೊನೆಯ ಸಾಲಿನಲ್ಲಿ ಕೂತಿದ್ದರು. ದಾಜಿ ತಲೆಗೆ ಜರಿಯ ಪಟಗ ಸುತ್ತಿಕೊಂಡು ವೇದಿಕೆಯ ಖುರ್ಚಿಯಲ್ಲಿ. ಅವರ ಹಣೆಯ ವಿಭೂತಿ ಬೆವರಿಗೆ ಆಗಲೇ ಕರಗಿತ್ತು. ನಾನು ವೇದಿಕೆಯ ಪಕ್ಕ ಗೋಡೆಗೆ ಒರಗಿ ನಿಂತಿದ್ದೆ.

ಸ್ಟೀಲಿನ ಬಶಿಯ ಮೇಲೆ ದಾಜಿಯ ಕಪ್ಪಿಟ್ಟು, ಅಂಚಿನ ತನಕ ಚಹಾ ಸುರಿದು, ಎಲ್ಲರ ಕೈಗೂ ಕೊಟ್ಟರು. ಕಪ್ಪಿನ ಮೇಲಿನ ಹೆಸರು ಓದಿ ಜನ “ಅಡ್ಡಿಯಿಲ್ಲ ಗುರುಪಾದ” ಎಂದರು. ಆದರೆ ಕುಡಿಯುವಂತಿಲ್ಲ. ಅಧ್ಯಕ್ಷರ ಭಾಷಣ ಮುಗಿಯುವ ಮುನ್ನ ಚಹಾಕ್ಕೆ ಬಾಯಿ ಹಚ್ಚುವುದು ನಮ್ಮಲ್ಲಿ ಅಪಮಾನ. ಭೂಷಣ ಎದ್ದರು. “ಎರಡ ಮಾತು ಹೇಳ್ತೀನಿ” ಎಂದರು.

ಭೂಷಣರ ಎರಡು ಮಾತು ನಲವತ್ತು ನಿಮಿಷ. ಭವನದ ಪಾಯದಿಂದ ಶುರುವಾಯಿತು. ಒಂದೊಂದು ಲಾರಿ ಮರಳೂ ಎಲ್ಲಿಂದ ಬಂತು ಎಂದು ಹೇಳಿದರು. ಜನ ಅವರ ಮುಖ ನೋಡುತ್ತಿದ್ದರು. ನಾನು ಮತ್ತು ಕೇತಕಿ ಕಪ್ಪುಗಳನ್ನು ನೋಡುತ್ತಿದ್ದೆವು. ಮೊದಲು ಕಪ್ಪಿನ ಹೊಟ್ಟೆಯ ಮೇಲೆ ಬೆವರು ಬಂತು. ಆಮೇಲೆ ಕಂದು ಗೆರೆಗಳು. ದಾಜಿಯ ಹೆಸರಿನ ಮೇಲೆ ಜೇಡರಬಲೆಯಂತೆ ಹರಡಿದವು. ಆಮೇಲೆ ಹನಿ, ಹನಿ, ಹನಿ. ವೇದಿಕೆಯ ಮೇಲೆ ದಾಜಿ ತಮ್ಮ ಕಪ್ಪನ್ನು ಎರಡೂ ಕೈಗಳಿಂದ ಬಿಗಿಯಾಗಿ ಅಪ್ಪಿ ಹಿಡಿದಿದ್ದರು, ಕೈಯಿಂದ ಒತ್ತಿದರೆ ನಿಲ್ಲುತ್ತದೆ ಎಂಬಂತೆ.

ಭಾಷಣ ಮುಗಿಯಿತು. 

“ಈಗ ಕಾರಖಾನದಾರ ಗುರುಪಾದನ ಕಪ್ಪಿನಾಗ ಚಹಾ ತಗೊಳ್ರಿ” ಎಂದರು ಭೂಷಣ.

ಮುನ್ನೂರು ಜನ ಕೆಳಗೆ ನೋಡಿದರು. ಕಪ್ಪಿನಲ್ಲಿ ಚಹಾ ಇರಲಿಲ್ಲ. ಚಹಾ ಪೂರ್ತಿ ಬಶಿಯಲ್ಲಿತ್ತು.

 ದಾಜಿ ಕಣ್ಣು ಮುಚ್ಚಿದರು. ಭೂಷಣರ ತುಟಿಯಂಚಿನಲ್ಲಿ ‘ಉಪ್ಪಿನ’ ಎಂಬ ಮಾತು ಹುಟ್ಟುತ್ತಿರುವುದು ನನಗೆ ಕಾಣುತ್ತಿತ್ತು.

ಆಗ ಮುಂದಿನ ಸಾಲಿನಲ್ಲಿದ್ದ ಸಲಗರೆಯ ಕೆಂಪವ್ವ, ಹಲ್ಲಿಲ್ಲದ ಮುದುಕಿ, ಖಾಲಿ ಕಪ್ಪು ತೆಗೆದು ಪಕ್ಕಕ್ಕಿಟ್ಟಳು. ಬಶಿ ಎತ್ತಿ ಸುರ್ರೆಂದು ಹೀರಿದಳು.

“ಯವ್ವಾ! ಎಷ್ಟ ಚಲೋ ಆತು! ನನ್ನ ಕೈ ನಡಗ್ತಾವು, ಕಪ್ಪಿನಿಂದ ಬಶಿಗೆ ಸುರುವೂದ್ರಾಗ ಅರ್ಧಾ ಸೀರಿ ಮ್ಯಾಲ ಬೀಳತಿತ್ತು. ಇದು ತಾನ ಇಳದೈತಿ! ಆರೇತಿ ಸೈತ!”

“ಹೌದಲಾ!” ಎಂದ ಅವಳ ಪಕ್ಕದವ. “ಹೆಂಗೂ ಬಶ್ಯಾಗ ಹಾಕ್ಕೊಂಡ ಕುಡೀತೀವಿ. ಆ ಕೆಲಸ ಕಪ್ಪ ಮಾಡೇತಿ!”

ಸುರ್ರ್, ಸುರ್ರ್ ಎಂದು ಭವನ ತುಂಬ ಸದ್ದು ಎದ್ದಿತು. ಮುನ್ನೂರು ಬಶಿಗಳು ಒಟ್ಟಿಗೆ. ಆರಗದ ಚಹಾದಂಗಡಿಯವನು ಎದ್ದು ಕೂಗಿದ: “ಗುರುಪಾದಣ್ಣಾ, ನನಗ ಇನ್ನೂರು ಬೇಕು!” “ನನಗ ಐನೂರು!” ಎಂದ ಸಾಂಗಲಿಯ ಮದುವೆಯ ಮಂಗಲ ಕಾರ್ಯಾಲಯದವನು. ಭೂಷಣ ಏನು ಮಾಡಿಯಾರು? ಅಧ್ಯಕ್ಷನಾದವನು ಜನ ಹೋದ ಕಡೆಗೆ ಓಡಿ ಮುಂದೆ ನಿಲ್ಲಬೇಕು. ಮೈಕು ಹಿಡಿದು, “ಇಂಥಾ ಸುಧಾರಣಾ ನಮ್ಮ ಮನಿತನದಾಗ ಆತಂತ ನನಗ ಅಭಿಮಾನ ಐತಿ” ಎಂದು ದಾಜಿಗೆ ಶಾಲು ಹೊದಿಸಿದರು.

ದಾಜಿ ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. ಐದು ನಿಮಿಷದಲ್ಲಿ ಅವರೇ ಇದನ್ನು ಕಂಡುಹಿಡಿದಿದ್ದರು. “ಬಾಳ ವಿಚಾರ ಮಾಡಿ ಮಾಡೇನ್ರಿ” ಎಂದು ಮೈಕಿನಲ್ಲಿ ಹೇಳಿದರು. “ಮುದುಕರಿಗೆ, ಹುಡುಗರಿಗೆ ತ್ರಾಸ ಆಗಬಾರದಂತ.”

ಆಮೇಲೆ ಕೇತಕಿಯನ್ನು ಕರೆಸಿದರು. ಅವಳು ವೇದಿಕೆಯ ಮೆಟ್ಟಿಲ ತನಕ ಬಂದು ನಿಂತಳು.

“ಬಾ ತಂಗಿ, ಮ್ಯಾಲ ಬಾ. ನಾಳಿಂದ ಇದ ಮಾಲು. ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಡಿಮಿಲ್ಲ.”

“ಕಾಕಾ, ಇದು ಫೇಲ್ ಆದ ಮಾಲು.”

“ಹಳೂಕ ಮಾತಾಡು. ಜನಾ ಬೇಡಾಕತ್ತಾರ.”

“ಎರಡು ತಿಂಗಳಿನಾಗ ಹೊಲಸು ವಾಸನಿ ಹಿಡೀತದ. ಹೀರಿದ ಹಾಲು ಒಳಗ ಕೊಳೀತದ. ಕುಡದವರಿಗೆ ರೋಗ ಬರ್ತಾವು. ನಾ ಕಲತಿದ್ದು ಚಹಾ ನಿಲ್ಲೂ ಕಪ್ಪು ಮಾಡಲಿಕ್ಕೆ.”

“ನಿಲ್ಲೂ ಕಪ್ಪು ಎಲ್ಲಾರೂ ಮಾಡ್ತಾರವಾ! ಸೋರೂ ಕಪ್ಪು ಮಾಡಾವ ಈ ಗುರುಪಾದ ಒಬ್ಬನ!”

ಕೇತಕಿ ನನ್ನ ಕಡೆ ತಿರುಗಿದಳು. “ಮಾಮಾ, ನೀವರೆ ಹೇಳ್ರಿ. ಖರೇ ಎಷ್ಟು ಹಾಕಿದ್ರು?”

“ಎಂಟು ತೂಗಿದ್ರು” ಎಂದೆ ನಾನು. “ಆಮ್ಯಾಲ ಹಿಂದಿನ ಕೊಸರು ಮುರಕೊಂಡ್ರು.”

“ಮುರಕೊಂಡ್ರು?” ಅವಳು ನಿಧಾನಕ್ಕೆ ಕೇಳಿದಳು. “ನೀವು ನೋಡಿದ್ರಿ?”

“ನೋಡೇನಿ.”

“ನನಗ ಹೇಳಲಿಲ್ಲ?”

ನಾನು ಗೋಡೆ ನೋಡಿದೆ. ಹೊಸ ಗೋಡೆ, ಸುಣ್ಣ ಚೆನ್ನಾಗಿ ಬಳಿದಿದ್ದರು.

ಅವಳು ಮೆಟ್ಟಿಲಿನಿಂದ ತಿರುಗಿದಳು. ತಂದೆಗೆ ಕೈಸನ್ನೆ ಮಾಡಿ, ಚಪ್ಪಲಿ ಮೆಟ್ಟಿ ಹೊರಗೆ ನಡೆದಳು. ಭವನದ ಎದುರಿಗೇ ಸಾಂಗಲಿಗೆ ಹೋಗುವ ಶೇರ್ ರಿಕ್ಷಾ ನಿಂತಿತ್ತು. ಇಬ್ಬರೂ ಅದರಲ್ಲಿ ಕೂತರು. ಇನ್ನೊಂದು ಸೀಟು ತುಂಬದೆ ರಿಕ್ಷಾದವನು ಬಿಡಲಿಲ್ಲ. ಹತ್ತು ನಿಮಿಷ ಅವಳು ಅಲ್ಲೇ, ನಮ್ಮೆಲ್ಲರ ಕಣ್ಣೆದುರಿಗೇ, ಬೆನ್ನು ಮಾಡಿ ಕೂತಿದ್ದಳು. ಇಪ್ಪತ್ತು ಹೆಜ್ಜೆಯಷ್ಟೇ ದೂರ. ಅಕ್ಕ ಕಿಟಕಿಯಿಂದ ನೋಡಿ, “ಏನ್ರಿ, ಆ ಹುಡಿಗಿನ ಕರೀರಿ” ಎಂದಳು. “ಬರ್ತಾಳ ಬಿಡು, ಎಲ್ಲಿ ಹೊಕ್ಕಾಳ?” ಎಂದು ದಾಜಿ ಶಾಲು ಸರಿಮಾಡಿಕೊಂಡು ಮಂಗಲ ಕಾರ್ಯಾಲಯದವನ ಕೈ ಕುಲುಕಿದರು. ನಾನೂ ಗೋಡೆ ಬಿಟ್ಟು ಕದಲಲಿಲ್ಲ.

ಒಬ್ಬ ಹೆಂಗಸು ಪುಂಡಿಪಲ್ಯದ ಗಂಟು ಹಿಡಿದು ಓಡಿ ಬಂದು ರಿಕ್ಷಾ ಹತ್ತಿದಳು. ಸೀಟು ತುಂಬಿತು. ರಿಕ್ಷಾ ಹೊಗೆ ಬಿಟ್ಟು ಸಾಂಗಲಿಯ ದಾರಿ ಹಿಡಿಯಿತು. ಆಮೇಲೆ ಆ ಹುಡುಗಿ ಮಾಧವನಗರದ ಕಡೆ ತಲೆ ಹಾಕಲಿಲ್ಲ.